ನಾಳೆ ಬನ್ನಿ

ಮತ್ತಿಗಿರಿಯ ಚಳಿಗೆ ಮೊದಲು ಸಿಕ್ಕಿಬೀಳುವುದು
ನನ್ನ ಹೊಲಿಗೆ ಮಿಷನ್ನು.
ರಾತ್ರಿಯಿಡೀ ತಗಡಿನ ಶಟರಿನ ಹಿಂದೆ ಕೂತು
ಎಣ್ಣೆ ಹೆಪ್ಪಾಗಿ, ಚಕ್ರ ಬಿಗಿದು,
ತುಳಿದರೆ ಮುನಿಸಿಕೊಂಡ ಅತ್ತೆಯ ಹಾಗೆ
ಒಂದೇ ಒಂದು ‘ಹೂಂ’.
ಅಂಗೈ ಉಜ್ಜಿ ಉಜ್ಜಿ ಅದರ ಕತ್ತಿಗೆ ಇಡುತ್ತೇನೆ.

ಇವತ್ತು ಡಿಸೆಂಬರ್ ಹನ್ನೊಂದು.
ಮೊಳೆಯಲ್ಲಿ ಮೂವತ್ತೆಂಟು ಚೀಟಿ.
ಎದೆ ಇಪ್ಪತ್ತೆರಡು, ಉದ್ದ ಇಪ್ಪತ್ತೆಂಟು, ಬುಗ್ಗೆ ತೋಳು,
ರಾಯಪ್ಪನ ಮೂರನೆಯವಳು;
ಫ್ರಾಕು ಚರ್ಚಿನ ಗಂಟೆ ಥರ ಹೊಳೆಯಬೇಕಂತೆ.
ಗಂಟೆ ಹೊಳೆಯುತ್ತಾ ಮಗು?
ಹೊಳೆಯುತ್ತೆ ಅಕ್ಕಾ, ಹೊಡೆದಾಗ.

ಇಷ್ಟನ್ನೂ ಹೊಲಿಯಬೇಕು ಅಂತ ನೆನೆದರೆ
ಕಂಬಳಿಯೊಳಗೇ ಮುಗಿದುಹೋಗುತ್ತೇನೆ.
ಅದಕ್ಕೇ ನನಗೆ ನಾನು ಹೇಳಿಕೊಳ್ಳುವುದು ಇಷ್ಟು:
ಲೂರ್ದೂ, ಏಳು. ಹೊಲಿಯಬೇಡ.
ಬರೀ ಸೂಜಿಗೆ ದಾರ ಪೋಣಿಸು,
ಆಮೇಲೆ ಬೇಕಾದರೆ ಬಂದು ಮಲಗು.
ಹದಿನೇಳು ವರ್ಷದಿಂದ
ಈ ಮೋಸಕ್ಕೆ ಬೀಳುತ್ತಲೇ ಇದ್ದೇನೆ.

ಪೋಣಿಸುವುದೂ ಸುಲಭವಲ್ಲ.
ಬೆರಳ ತುದಿ ಯಾರದೋ ಎಂಬಂತೆ ಮರಗಟ್ಟಿ,
ಕಣ್ಣಿಗೆ ಬೇರೆ ನಲವತ್ತೈದು ದಾಟಿ.
ಆಗ ಬರುತ್ತಾನೆ ಇನ್ನಾಸಿ, ಹಾಲಿನ ಕ್ಯಾನು ಹಿಡಿದು;
ಮಂಕಿ ಟೋಪಿಯೊಳಗೆ ಎರಡು ಕಣ್ಣು, ಸುರಿಯುವ ಒಂದು ಮೂಗು.
ದಾರದ ತುದಿ ನಾಲಿಗೆಗೆ ತಾಗಿಸಿ
ಒಂದೇ ಏಟಿಗೆ ಪೋಣಿಸಿ
ಸಂಬಳ ಕೇಳುತ್ತಾನೆ: ಒಂದು ಚಿಂದಿ. ಹೊಳೆಯೋದು.
ಏತಕ್ಕೋ? ಹೇಳುವುದಿಲ್ಲ.

ಮಂಜು ಹರಿದು
ಗುಲಾಬಿ ತೋಟಗಳ ಪ್ಲಾಸ್ಟಿಕ್ ಮಾಡು ಬೆಳಗುವ ಹೊತ್ತಿಗೆ
ಗಿರಾಕಿಗಳು ಶುರು.
ಆಯ್ಚಾಕ್ಕಾ? ಅಯ್ಯಿಂದಾಕ್ಕಾ? ಆಯ್ತಾಕ್ಕಾ?
ಮೂರು ನುಡಿಗೂ ಇರುವುದು ಒಂದೇ ಉತ್ತರ,
ನಾಳೈಕ್ಕಿ, ರೇಪು, ನಾಳೆ.
ನಕ್ಕೇ ಹೇಳುತ್ತೇನೆ;
ನಗದೆ ಹೇಳಿದ ನಾಳೆಯನ್ನು ಯಾರೂ ನಂಬುವುದಿಲ್ಲ.
ದರ್ಜಿಯ ನಾಳೆ ಎಂಥದೆಂದು ಊರಿಗೇ ಗೊತ್ತು.
ಆದರೂ ಬರುತ್ತಾರೆ.

ಹದಿಮೂರಕ್ಕೆ ಮಾತ್ರ ಸೋತೆ.
ಕರೆಂಟಿಲ್ಲ. ಮದ್ರಾಸಿನ ಕಡೆ ಎದ್ದ ಗಾಳಿಗೆ
ಇಲ್ಲಿ ಮೂರು ದಿನದಿಂದ ಸೋನೆ.
ಗಂಟೆ ಫ್ರಾಕಿಗೆ ಎರಡೂ ಎಡದ ತೋಳೇ ಹೊಲಿದು
ಬ್ಲೇಡು ಹಿಡಿದು ಬಿಚ್ಚುತ್ತಾ ಬಿಚ್ಚುತ್ತಾ
ಯಾರಿಗೆ ಬೇಕಾಗಿತ್ತು ಈ ಹಬ್ಬ ಅಂದೆ, ಜೋರಾಗಿಯೇ.

ಕೇಳಿಸಿಕೊಂಡವನು ಉಪದೇಶಿ ಚೌರಪ್ಪ.
ಕೊಡೆ ಮಡಚಿ, ಪೇಪರಿನ ಗಂಟು ಬಿಚ್ಚಿದ:
ಗುರುಗಳ ನಿಲುವಂಗಿ, ಎಳೆ ಗುಲಾಬಿ ಬಣ್ಣದ್ದು,
ವರ್ಷಕ್ಕೆ ಎರಡೇ ದಿನ ಪೆಟ್ಟಿಗೆಯಿಂದ ಹೊರಗೆ ಬರುವಂಥದು.
ಅಂಚನ್ನೆಲ್ಲ ಇಲಿ ತಿಂದಿದೆ.
ಮೂರನೇ ಭಾನುವಾರ ಅಲ್ವಾಮ್ಮಾ, ಹಿಗ್ಗಬೇಕಾದ ದಿನ.
ಹಬ್ಬವೇ ಬಂದಿಲ್ಲ, ಈಗಲೇ ಎಂಥ ಹಿಗ್ಗು?
ಚೌರಪ್ಪ ತಲೆ ಕೆರೆದುಕೊಂಡ.
ಬಂದಮೇಲೆ ಹಿಗ್ಗೋಕೆ ಯಾರಿಗೆ ಬರಲ್ಲ, ಲೂರ್ದಮ್ಮಾ?
ಸರಿ, ಯಾವಾಗ ಕೊಡ್ತೀಯ?

ನಾಳೆ, ಅಂದುಬಿಟ್ಟೆ, ಅಭ್ಯಾಸ.
ನಾಳೆ ಪೂಜೆ ಆರೂವರೆಗೆ, ಅಂದು ಹೋದ.

ಎರಡು ಮೇಣದಬತ್ತಿ ಸುಟ್ಟವು.
ಕೈಹೊಲಿಗೆ, ಒಳಗಿನಿಂದ, ಕಾಣದ ಹಾಗೆ.
ರೇಷ್ಮೆ ತೊಡೆಯ ಮೇಲೆ ಬೆಚ್ಚಗೆ ಬೆಕ್ಕಿನ ಹಾಗೆ ಬಿದ್ದಿತ್ತು.
ನಡುವೆ ಯಾವಾಗಲೋ ನಾನು
ಏನೋ ಗುನುಗುತ್ತಿದ್ದೇನೆ ಎಂದು ಗೊತ್ತಾಯಿತು.

ಬೆಳಿಗ್ಗೆ ಕೊನೆಯ ಬೆಂಚಿನಲ್ಲಿ ಕೂತೆ.
ಗುರುಗಳು ತಿರುಗಿದಾಗ ಎಡ ಕಾಲಿನ ಹತ್ತಿರ
ಒಂದು ಹೊಲಿಗೆ ಸೊಟ್ಟ. ಕಂಡದ್ದು ನನಗೊಬ್ಬಳಿಗೇ.
ಗೋದಲಿಯಲ್ಲಿ ಇನ್ನೂ ಮಗುವಿಲ್ಲ, ಬರೀ ಹುಲ್ಲು.
ಆದರೆ ಮಣ್ಣಿನ ಎರಡು ಕುರಿಗಳಿಗೆ
ಹೊಳೆಯುವ ಶಾಲು, ನನ್ನ ಅಂಗಡಿಯವೇ.
ಅವಕ್ಕೂ ಚಳಿ ಆಗುತ್ತಲ್ಲಕ್ಕಾ, ಅಂದ ಇನ್ನಾಸಿ,
ಮೂಗು ಒರೆಸಿಕೊಂಡು. ಇನ್ನೂ ಐದು ಕುರಿ ಇವೆ.

ಸೋಮವಾರ ಶಟರು ಎತ್ತಿದೆ.
ಮಿಷನ್ನು ‘ಹೂಂ’ ಅಂದಿತು.
ಹೂಂ, ಅಂದೆ ನಾನೂ.